ವಿಶ್ವದ ಆದಿಯಲ್ಲಿ ಲಘು ಮೂಲವಸ್ತುಗಳ ಉತ್ಪತ್ತಿ

ಬಾವಿಯಿಂದ ಸೇದಿ ತಂದ ಒಂದು ಕೊಡ ನೀರಿನಲ್ಲಿ ಜಲಜನಕ, ಆಮ್ಲಜನಕಗಳೆಂಬ ಎರಡು ಮೂಲವಸ್ತುಗಳು ಕೂಡಿಕೊಂಡಿವೆಯೆಂಬುದನ್ನು ಮಾಧ್ಯಮಿಕ ಶಾಲೆಯ ವಿದ್ಯಾರ್ಥಿಯೂ ಬಲ್ಲನು. ಆದರೆ ಇವೆರಡರ ವಯಸ್ಸು ಒಂದೇ ಅಲ್ಲವೆಂಬುದು ಅನೇಕರು ಗಮನಿಸದ ಸಂಗತಿ. ಆಮ್ಲಜನಕವು ಎಂದೋ ಉರಿದು ಮುಗಿದ ನಕ್ಷತ್ರಗಳ ಗರ್ಭದಲ್ಲಿ ಪಾಕಗೊಂಡದ್ದು. ಜಲಜನಕದ ಪರಮಾಣುಬೀಜವಾದರೋ ಯಾವ ನಕ್ಷತ್ರವೂ ಉದಿಸುವುದಕ್ಕೆ ಮೊದಲೇ, ಸುಮಾರು 1380 ಕೋಟಿ ವರ್ಷಗಳ ಹಿಂದೆ, ವಿಶ್ವದ ಪ್ರಥಮ ಕ್ಷಣಗಳಲ್ಲಿ ರೂಪುಗೊಂಡದ್ದು. ಅದೇ ನೀರಿನ ಜಲಜನಕದಲ್ಲಿ ಸುಮಾರು ಆರೂವರೆ ಸಾವಿರ ಪರಮಾಣುಗಳಿಗೆ ಒಂದು ಮಾತ್ರ ಉಳಿದವುಗಳಿಗಿಂತ ಇಮ್ಮಡಿ ತೂಕವುಳ್ಳದ್ದಾಗಿರುತ್ತದೆ. 1931ರಲ್ಲಿ ಅಮೆರಿಕದ ಹೆರಾಲ್ಡ್ ಯೂರಿ ಅವರು ಕಂಡುಹಿಡಿದ ಇದಕ್ಕೆ ಭಾರಜಲಜನಕ ಅಥವಾ ಡ್ಯೂಟೀರಿಯಂ ಎಂದು ಹೆಸರು. ಲಘು ಮೂಲವಸ್ತುಗಳು ಹುಟ್ಟಿದ ಬಗೆಯನ್ನು ಅರಿಯಬೇಕಾದರೆ ಈ ದುರ್ಬಲ ಬೀಜದ ವೃತ್ತಾಂತವನ್ನೇ ಅರಿಯಬೇಕು.

ಎರಡನೆಯ ಮೂಲವಸ್ತುವಾದ ಹೀಲಿಯಂ ಮೊದಲು ಗೋಚರಿಸಿದ್ದು ಭೂಮಿಯಲ್ಲಲ್ಲ, ಸೂರ್ಯನಲ್ಲಿ. 1868ನೆಯ ಆಗಸ್ಟ್ 18ರಂದು ದಕ್ಷಿಣ ಭಾರತದ ಮೇಲೆ ಖಗ್ರಾಸ ಸೂರ್ಯಗ್ರಹಣವೊಂದು ಹಾದುಹೋಯಿತು. ಫ್ರಾನ್ಸಿನ ಜಾನ್ಸೆನ್ ಅವರು ಅದನ್ನು ಗುಂಟೂರಿನಲ್ಲಿ ವೀಕ್ಷಿಸಿದರು. ನಮ್ಮ ಜಮಖಂಡಿಯಲ್ಲಿಯೂ ಜಾನ್ ಹರ್ಷೆಲ್ ಎಂಬ ಸೇನಾಧಿಕಾರಿ ಬೀಡುಬಿಟ್ಟು, ಸೂರ್ಯನ ಅಂಚಿನ ಜ್ವಾಲೆಗಳ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುವ ಉಪಕರಣದಿಂದ ಪರೀಕ್ಷಿಸಿದ್ದನ್ನು ಕನ್ನಡಿಗರು ಮರೆಯಬಾರದು. ಅದೇ ವರ್ಷ ಇಂಗ್ಲೆಂಡಿನ ಲಾಕ್ಯರ್ ಅವರು ಆ ಬೆಳಕಿನಲ್ಲಿದ್ದ ಹಳದಿ ಗೆರೆಯೊಂದನ್ನು ಪರಿಶೀಲಿಸಿದರು. ಅದು ಅಂದು ತಿಳಿದಿದ್ದ ಯಾವ ವಸ್ತುವಿಗೂ ಹೊಂದದಿದ್ದುದರಿಂದ, ಗ್ರೀಕರ ಸೂರ್ಯವಾಚಕ ಪದವನ್ನು ಅನುಸರಿಸಿ ಹೊಸ ಹೆಸರು ಬಂದಿತು. ಭೂಮಿಯ ಮೇಲೆ ಅದು ರಾಮ್ಸೆ ಅವರ ಕೈಗೆ ದೊರೆತದ್ದು 1895ರಲ್ಲಿ.

ನಕ್ಷತ್ರಗಳೆಲ್ಲ ಬಹುಮಟ್ಟಿಗೆ ಜಲಜನಕ ಹೀಲಿಯಂಗಳಿಂದಲೇ ಆಗಿವೆಯೆಂಬುದನ್ನು 1925ರಲ್ಲಿ ಸೆಸಿಲಿಯಾ ಪೇನ್ ಎಂಬ ತರುಣ ವಿದುಷಿಯ ಪ್ರಬಂಧವು ತೋರಿಸಿತು. ಹಿರಿಯ ವಿದ್ವಾಂಸರಾದ ರಸೆಲ್ ಅವರು ಅದನ್ನು ಒಪ್ಪದೆ ಹೋದುದರಿಂದ, ತನ್ನ ಫಲಿತಾಂಶವು ಬಹುಶಃ ನಿಜವಲ್ಲವೆಂದು ಆಕೆಯೇ ಬರೆಯಬೇಕಾಯಿತು. ನಾಲ್ಕು ವರ್ಷಗಳ ತರುವಾಯ ರಸೆಲ್ ಅವರೇ ಅದೇ ನಿರ್ಣಯಕ್ಕೆ ಬಂದರು. ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ನಕ್ಷತ್ರಗಳು ಜಲಜನಕವನ್ನು ಹೀಲಿಯಂ ಆಗಿ ಮಾರ್ಪಡಿಸುತ್ತವೆಯೆಂಬುದೇನೋ ಸರಿ. ಆದರೆ ನಕ್ಷತ್ರಗಳ ಬೂದಿ ಅಷ್ಟಾಗಿ ಬೆರೆಯದ ಅನಿಲರಾಶಿಗಳಲ್ಲಿಯೂ ತೂಕದ ಕಾಲು ಭಾಗದಷ್ಟು ಹೀಲಿಯಂ ಇದೆ. ಇದನ್ನು ಮಾಡಿದವರು ಯಾರು?

1948ನೆಯ ಏಪ್ರಿಲ್ 1ರ ಸಂಚಿಕೆಯಲ್ಲಿ ಅಮೆರಿಕದ ಒಂದು ಭೌತವಿಜ್ಞಾನ ಪತ್ರಿಕೆಯು ಇದಕ್ಕೆ ಸಂಬಂಧಿಸಿದ ಪುಟ್ಟ ಲೇಖನವನ್ನು ಪ್ರಕಟಿಸಿತು. ಬರೆದವರು ಜಾರ್ಜ್ ಗ್ಯಾಮೋ ಮತ್ತು ಅವರ ಶಿಷ್ಯ ರಾಲ್ಫ್ ಆಲ್ಫರ್. ಗ್ರೀಕ್ ವರ್ಣಮಾಲೆಯ ಮೊದಲ ಮೂರು ಅಕ್ಷರಗಳಾದ ಆಲ್ಫಾ, ಬೀಟಾ, ಗ್ಯಾಮಾಗಳು ಒದಗಲೆಂದು, ಆ ಕೆಲಸದಲ್ಲಿ ಪಾಲಿಲ್ಲದ ಹ್ಯಾನ್ಸ್ ಬೇಥೆ ಅವರ ಹೆಸರನ್ನೂ ಗ್ಯಾಮೋ ನಡುವೆ ಸೇರಿಸಿದರು. ಶ್ಲೇಷವೇನೋ ಸೊಗಸಾದದ್ದೇ, ಆದರೆ ಇಬ್ಬರು ಪ್ರಖ್ಯಾತರ ನಡುವೆ ದುಡಿದ ಶಿಷ್ಯನ ಹೆಸರು ಮಸುಕಾಯಿತು. ಆದಿವಿಶ್ವದ ಬೇಗೆಯಲ್ಲಿ ಎಲ್ಲ ಮೂಲವಸ್ತುಗಳೂ ಒಂದರ ಮೇಲೊಂದು ಕಣ ಕೂಡಿ ಬೆಳೆದವೆಂಬುದು ಅವರ ವಾದ. ಈ ವಾದವು ಪೂರ್ಣವಾಗಿ ನಿಲ್ಲಲಿಲ್ಲ. ಹಗುರವಾದ ಮೂಲವಸ್ತುಗಳ ಮಟ್ಟಿಗೆ ಮಾತ್ರ ಅದು ಸತ್ಯವೆಂದು ಮುಂದೆ ಸಿದ್ಧಪಟ್ಟಿತು.

ವಿಶ್ವವು ಉದಿಸಿ ಒಂದು ಸೆಕೆಂಡು ಕಳೆದಾಗ ಅದರ ಉಷ್ಣತೆ ಸುಮಾರು 1000 ಕೋಟಿ ಡಿಗ್ರಿ. ಸೂರ್ಯನ ನಡುಗರ್ಭದಲ್ಲಿಯೂ ಇರುವುದು ಒಂದೂವರೆ ಕೋಟಿ ಡಿಗ್ರಿ ಮಾತ್ರ. ಆ ಉರಿಯಲ್ಲಿ ಪರಮಾಣುಗಳಿರಲಿಲ್ಲ. ಪರಮಾಣುಬೀಜದ ಘಟಕಗಳಾದ ಪ್ರೋಟಾನು, ನ್ಯೂಟ್ರಾನುಗಳು ಬಿಡಿಬಿಡಿಯಾಗಿದ್ದವು. ಬಿಡಿ ಪ್ರೋಟಾನೇ ಜಲಜನಕದ ಬೀಜ. ನ್ಯೂಟ್ರಾನು ಅದಕ್ಕಿಂತ ಅತ್ಯಲ್ಪ ಪ್ರಮಾಣದಲ್ಲಿ ತೂಕವಾದದ್ದು. ಆರಂಭದಲ್ಲಿ ಇವು ಪರಸ್ಪರ ಮಾರ್ಪಡುತ್ತ ಸಮಸಂಖ್ಯೆಯಲ್ಲಿದ್ದವು. ತಾಪವು ಇಳಿದಂತೆ ಪ್ರೋಟಾನು ನ್ಯೂಟ್ರಾನಾಗುವುದು ದುಸ್ತರವಾಯಿತು. ಈ ಮಾರ್ಪಾಟು ನಿಂತುಹೋಗುವ ವೇಳೆಗೆ ಆರು ಪ್ರೋಟಾನುಗಳಿಗೆ ಒಂದು ನ್ಯೂಟ್ರಾನಿನಂತೆ ಉಳಿದಿತ್ತು.

ಬಿಡಿಯಾಗಿರುವ ನ್ಯೂಟ್ರಾನು ಅಲ್ಪಾಯು. ಹತ್ತು ನಿಮಿಷಗಳಲ್ಲಿ ಅವುಗಳಲ್ಲಿ ಅರ್ಧದಷ್ಟು ಕ್ಷಯಿಸಿ ಪ್ರೋಟಾನುಗಳಾಗಿಬಿಡುತ್ತವೆ. ಹೀಲಿಯಂನಂತಹ ಭದ್ರವಾದ ಬೀಜದೊಳಗೆ ಆಶ್ರಯ ಪಡೆದರೆ ಮಾತ್ರ ಉಳಿಯುತ್ತವೆ. ಹೀಲಿಯಂ ಬೀಜಕ್ಕೆ ಎರಡು ಪ್ರೋಟಾನುಗಳೂ ಎರಡು ನ್ಯೂಟ್ರಾನುಗಳೂ ಬೇಕು. ನಾಲ್ಕೂ ಒಮ್ಮೆಗೇ ಒಂದೆಡೆ ಸೇರುವುದು ಅಸಂಭವವಾದ್ದರಿಂದ ಮೊದಲು ಒಂದಕ್ಕೊಂದು ಬೆಸೆದು ಭಾರಜಲಜನಕವಾಗಬೇಕು. ತೊಡಕು ಇದ್ದದ್ದು ಇಲ್ಲಿಯೇ. ಭಾರಜಲಜನಕದ ಬೆಸುಗೆ ಬಹಳ ಸಡಿಲವಾದದ್ದು. ಅಂದು ವಸ್ತುವಿನ ಒಂದೊಂದು ಕಣಕ್ಕೂ 100 ಕೋಟಿಗೆ ಮೀರಿ ಬೆಳಕಿನ ಕಣಗಳಿದ್ದವು. ಅವುಗಳಲ್ಲಿ ಬಹುಪಾಲು ಶಕ್ತಿಗುಂದಿದ ಮೇಲೆಯೂ, ಉಳಿದ ಕೆಲವು ಪ್ರಬಲ ಕಣಗಳೇ ಹೊಸದಾಗಿ ಕೂಡಿದ ಜೋಡಿಗಳನ್ನು ಒಡೆದುಹಾಕಲು ಸಾಕಾಗಿದ್ದವು. ಹೀಗೆ ಕೂಡುವುದು, ಒಡೆಯುವುದು ನಡೆಯುತ್ತಿರುವಾಗಲೇ ನ್ಯೂಟ್ರಾನುಗಳು ಸವೆಯುತ್ತಿದ್ದವು. ಈ ಸ್ಥಿತಿ ಒಂದೆರಡು ಗಂಟೆಗಳ ಕಾಲ ಮುಂದುವರಿದಿದ್ದರೆ ವಿಶ್ವದಲ್ಲಿ ಜಲಜನಕವೊಂದರ ಹೊರತು ಬೇರೇನೂ ಉಳಿಯುತ್ತಿರಲಿಲ್ಲವೆಂದೇ ಹೇಳಬೇಕು.

ಆದರೆ ವಿಶ್ವವು ಹಿಗ್ಗುತ್ತ ತಣಿಯುತ್ತಿದ್ದಿತು. ಮೂರು ನಿಮಿಷಗಳ ಆಸುಪಾಸಿನಲ್ಲಿ ಉಷ್ಣತೆ 100 ಕೋಟಿ ಡಿಗ್ರಿಗಿಂತ ಕೆಳಗಿಳಿಯಲು, ಭಾರಜಲಜನಕವು ಒಡೆಯದೆ ಉಳಿಯತೊಡಗಿತು. ಆಗ ಏಳು ಪ್ರೋಟಾನುಗಳಿಗೆ ಒಂದು ನ್ಯೂಟ್ರಾನು ಉಳಿದಿತ್ತು. ಮುಂದಿನ ಕೆಲವೇ ನಿಮಿಷಗಳಲ್ಲಿ ಬಹುತೇಕ ಎಲ್ಲ ನ್ಯೂಟ್ರಾನುಗಳೂ ಹೀಲಿಯಂನಲ್ಲಿ ಸೇರಿಹೋದವು. ಲೆಕ್ಕವು ಪ್ರಾಥಮಿಕ ಶಾಲೆಯ ಬಾಲಕನಿಗೂ ಎಟಕುವಂಥದು. ಹದಿನಾಲ್ಕು ಪ್ರೋಟಾನು, ಎರಡು ನ್ಯೂಟ್ರಾನು, ಒಟ್ಟು ಹದಿನಾರು ಕಣಗಳು. ಎರಡು ನ್ಯೂಟ್ರಾನುಗಳು ಎರಡು ಪ್ರೋಟಾನುಗಳೊಡನೆ ಕೂಡಿ ಒಂದು ಹೀಲಿಯಂ ಬೀಜವಾದರೆ, ಉಳಿಯುವುದು ಹನ್ನೆರಡು ಜಲಜನಕ. ಹದಿನಾರರಲ್ಲಿ ನಾಲ್ಕು, ಅಂದರೆ ಕಾಲು ಭಾಗ. ಆಕಾಶದಲ್ಲಿ ಕಂಡ ಹೀಲಿಯಂ ಪ್ರಮಾಣವೂ ಇದೇ.

ಪಾಕವು ಅಲ್ಲಿಗೇ ನಿಂತಿತು. ಐದು ಅಥವಾ ಎಂಟು ಕಣಗಳುಳ್ಳ ಸ್ಥಿರವಾದ ಬೀಜ ಪ್ರಕೃತಿಯಲ್ಲಿಯೇ ಇಲ್ಲವಾದ್ದರಿಂದ ಹೀಲಿಯಂನಿಂದ ಮೇಲೇರಲು ಮೆಟ್ಟಿಲು ತಪ್ಪಿತು. ಗ್ಯಾಮೋ ಅವರ ವಾದ ಮುಗ್ಗರಿಸಿದ್ದೂ ಇಲ್ಲಿಯೇ. ಏಳು ಕಣಗಳ ಲಿಥಿಯಂ ಲೇಶಮಾತ್ರ ಹುಟ್ಟಿತು. ಇಂಗಾಲ, ಆಮ್ಲಜನಕ, ಕಬ್ಬಿಣಗಳು ನಕ್ಷತ್ರಗಳಿಗಾಗಿ ಕಾಯಬೇಕಾಯಿತು; ಅದನ್ನು ಫ್ರೆಡ್ ಹಾಯ್ಲ್ ಮತ್ತು ಅವರ ಮೂವರು ಸಂಗಡಿಗರು 1957ರಲ್ಲಿ ವಿಶದಪಡಿಸಿದರು. ಬೀಜಗಳ ಸುತ್ತ ಎಲೆಕ್ಟ್ರಾನುಗಳು ನೆಲೆಗೊಂಡು ಪೂರ್ಣ ಪರಮಾಣುಗಳಾದದ್ದು ಸುಮಾರು 3,80,000 ವರ್ಷಗಳ ಅನಂತರ. ಆ ಕಾಲದ ಬೆಳಕಿನ ಶೇಷವನ್ನು ಪೆನ್ಜಿಯಾಸ್ ಮತ್ತು ವಿಲ್ಸನ್ ಅವರು ಪತ್ತೆಹಚ್ಚಿದ್ದು 1965ರಲ್ಲಿ ಪ್ರಕಟವಾಯಿತು. ಅಂತಹ ಶೇಷವಿರಬೇಕೆಂದು ಆಲ್ಫರ್ ಮತ್ತು ಹರ್ಮನ್ 1948ರಲ್ಲಿಯೇ ಹೇಳಿದ್ದರು.

ಕಣ್ಣಾರೆ ಕಾಣದ ಮೂರು ನಿಮಿಷಗಳ ವಿಷಯವನ್ನು ನಂಬುವುದು ಹೇಗೆಂದು ಕೇಳುವುದು ಯುಕ್ತವೇ. ಇದಕ್ಕೆ ಸಾಕ್ಷಿ ಅಳಿದುಳಿದ ಭಾರಜಲಜನಕ. ಅಂದು ವಸ್ತುವು ದಟ್ಟವಾಗಿದ್ದಷ್ಟೂ ಅದು ಹೆಚ್ಚಾಗಿ ಹೀಲಿಯಂ ಆಗಿ ಕಡಿಮೆ ಉಳಿಯುತ್ತದೆ. ನಕ್ಷತ್ರಗಳು ಅದನ್ನು ನಾಶಮಾಡಬಲ್ಲವೇ ಹೊರತು ಹೆಚ್ಚಿಸಲಾರವು. ಅತಿದೂರದ ಕ್ವೇಸಾರುಗಳ ಬೆಳಕು ಹಾದುಬರುವ ಪ್ರಾಚೀನ ಅನಿಲದಲ್ಲಿ ಹತ್ತು ಲಕ್ಷ ಜಲಜನಕ ಪರಮಾಣುಗಳಿಗೆ ಸುಮಾರು 25ರಂತೆ ಅದು ಕಂಡುಬಂದಿದೆ. ಭೂಮಿಯ ನೀರಿನಲ್ಲಿ ಪ್ರಮಾಣ ಹೆಚ್ಚಾಗಿರುವುದಕ್ಕೆ, ಅಂತರಿಕ್ಷದ ಕಡುಶೀತದಲ್ಲಿ ನೀರಿನ ಅಣುಗಳು ಭಾರಜಲಜನಕವನ್ನು ವಿಶೇಷವಾಗಿ ಹಿಡಿದಿಡುವುದು ಕಾರಣ. ಈ 25ರಿಂದ ಗಣಿಸಿದರೆ, ಪರಮಾಣುಗಳಿಂದಾದ ವಸ್ತು ವಿಶ್ವದ ಸಮಸ್ತದಲ್ಲಿ ನೂರಕ್ಕೆ ಐದರಷ್ಟು ಮಾತ್ರವೆಂದು ತಿಳಿಯುತ್ತದೆ. ಪ್ಲಾಂಕ್ ಎಂಬ ಉಪಗ್ರಹವು ಬೇರೊಂದು ಮಾರ್ಗದಿಂದ, ಆ ಆದಿಬೆಳಕಿನ ಶೇಷವನ್ನು ಅಳೆದು ನೀಡಿದ ಉತ್ತರವೂ ಇದೇ. ಇಟಲಿಯ ಗ್ರಾನ್ ಸಾಸೋ ಪರ್ವತದ ಕೆಳಗಿರುವ ಪ್ರಯೋಗಶಾಲೆಯಲ್ಲಿ ಭಾರಜಲಜನಕವು ಪ್ರೋಟಾನನ್ನು ಸೆರೆಹಿಡಿಯುವ ವೇಗವನ್ನು ಅಳೆದು 2020ರಲ್ಲಿ ಪ್ರಕಟಿಸಿದ ಮೇಲೆ ಈ ಹೊಂದಾಣಿಕೆ ಮತ್ತಷ್ಟು ದೃಢವಾಗಿದೆ.

ಲಿಥಿಯಂ ಮಾತ್ರ ಈ ಲೆಕ್ಕಕ್ಕೆ ಒಗ್ಗಿಲ್ಲ. ಫ್ರಾನ್ಸಿನ ಸ್ಪೀಟ್ ದಂಪತಿಗಳು ನಮ್ಮ ಆಕಾಶಗಂಗೆಯ ಅತಿ ಹಳೆಯ ನಕ್ಷತ್ರಗಳನ್ನು ಪರೀಕ್ಷಿಸಿ, ಅವುಗಳಲ್ಲೆಲ್ಲ ಲಿಥಿಯಂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದೆಯೆಂದು 1982ರಲ್ಲಿ ತೋರಿಸಿದರು. ಗಣಿತವು ಹೇಳುವ ಪ್ರಮಾಣವಾದರೋ ಅದರ ಸುಮಾರು ಮೂರರಷ್ಟು. ಲಿಥಿಯಂ ಆ ನಕ್ಷತ್ರಗಳ ಮೇಲ್ಮೈಯಿಂದ ಒಳಕ್ಕಿಳಿದು ಬೆಂದುಹೋಗಿರಬೇಕೆಂಬುದು ಒಂದು ಪಕ್ಷ. ಆದಿವಿಶ್ವದ ಭೌತನಿಯಮಗಳಲ್ಲಿಯೇ ತಿಳಿಯದ ಅಂಶವೊಂದಿದೆಯೆಂಬುದು ಇನ್ನೊಂದು ಪಕ್ಷ. ಮೊದಲನೆಯದೇ ಸಂಭಾವ್ಯವೆಂದು ತೋರುತ್ತದೆಯಾದರೂ, ಅಷ್ಟೊಂದು ನಕ್ಷತ್ರಗಳಲ್ಲಿ ಅದು ಒಂದೇ ಪ್ರಮಾಣದಲ್ಲಿ ಹೇಗೆ ನಾಶವಾಯಿತೆಂಬುದನ್ನು ಆ ಪಕ್ಷದವರು ಇನ್ನೂ ತೃಪ್ತಿಕರವಾಗಿ ವಿವರಿಸಬೇಕಾಗಿದೆ.