ನೋಡಿ ಕಲಿಯುವ ವೈದ್ಯವಿದ್ಯೆ: ಗಣಕ ಪಾಠಗಳ ತಯಾರಿಕೆ

ರಬಕವಿ-ಬನಹಟ್ಟಿಯ ಸೀರೆ ವ್ಯಾಪಾರಿಗಳು ಬಣ್ಣದ ಸೂಕ್ಷ್ಮ ವ್ಯತ್ಯಾಸವನ್ನು ಅರಿಯುವುದು ಪುಸ್ತಕದಿಂದಲ್ಲ, ನೂರಾರು ಸೀರೆಗಳನ್ನು ನೋಡಿ. ಅಕ್ಷಿಪಟಲ, ಚರ್ಮ, ಕ್ಷ-ಕಿರಣ ಚಿತ್ರಗಳ ಕಲಿಕೆಯೂ ಹೀಗೆಯೇ.

ಬೆಂಗಳೂರಿನ ನಾರಾಯಣ ನೇತ್ರಾಲಯವು 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆ ಇದಕ್ಕೆ ನಿದರ್ಶನ. ಅವಧಿಗೆ ಮುನ್ನ ಜನಿಸಿದ ಶಿಶುಗಳ ಅಕ್ಷಿಪಟಲದ ಚಿತ್ರ ತೆಗೆದು, ಕೆಂಪು, ಕಿತ್ತಳೆ, ಹಸಿರು ಎಂದು ವರ್ಗೀಕರಿಸಲು ತಂತ್ರಜ್ಞರಿಗೆ ತರಬೇತಿ ನೀಡಲಾಯಿತು. ಕೆಂಪೆಂದರೆ ತುರ್ತು ಚಿಕಿತ್ಸೆ. ತಡವಾದರೆ ಶಾಶ್ವತ ಅಂಧತ್ವ ಬರಬಹುದು.

ಆದ್ದರಿಂದ ಇಂಥ ಪಾಠಗಳಲ್ಲಿ ಆರೋಗ್ಯವಂತ ಹಾಗೂ ರೋಗಗ್ರಸ್ತ ಚಿತ್ರಗಳು ಅಕ್ಕಪಕ್ಕದಲ್ಲಿರಬೇಕು. ಕಲಿಯುವವರು ಉತ್ತರಿಸಿದ ನಂತರವೇ ಸರಿಯುತ್ತರ ತೋರಬೇಕು. ಚಿತ್ರದ ಗಾತ್ರ ಕುಗ್ಗಿಸಿದಾಗ ಬಣ್ಣ ಮತ್ತು ಸಣ್ಣ ರಕ್ತನಾಳಗಳು ಅಳಿಸಿಹೋಗಬಾರದು. ರೋಗಿಯ ಒಪ್ಪಿಗೆ, ತಜ್ಞರ ಪರಿಶೀಲನೆ ಅನಿವಾರ್ಯ.

ಹಿಪ್ಪರಗಿ, ಜಮಖಂಡಿ ಭಾಗದ ಸಣ್ಣ ಗಣಕ ಘಟಕಗಳು ಈ ಕಾರ್ಯಕ್ಕೆ ಕೈಹಾಕುವ ಮುನ್ನ ವೈದ್ಯರೊಡನೆ ಲಿಖಿತ ಒಪ್ಪಂದ ಮಾಡಿಕೊಳ್ಳುವುದು ಹಿತಕರ.