ಪ್ಲೇಟ್‌ಲೆಟ್ಟಿನ ಗೇಟು ಎತ್ತುವವರು

ಧುಪದಾಳದ ಸುತ್ತ ಕಬ್ಬು ಕಡಿಯುವ ಹಂಗಾಮಿನಲ್ಲಿ ಕೊಯ್ತಾ ಬೆರಳಿಗೆ ತಾಗುವುದು ಹೊಸದೇನಲ್ಲ. ಅರಿಷಿಣ ಒತ್ತಿ, ಬಟ್ಟೆ ಸುತ್ತಿ ಮತ್ತೆ ಕೆಲಸಕ್ಕೆ ನಿಲ್ಲುತ್ತಾರೆ. ರಕ್ತ ನಿಂತದ್ದಕ್ಕೆ ಹೆಸರು ಅರಿಷಿಣಕ್ಕೆ, ಅದನ್ನು ನಿಜಕ್ಕೂ ನಿಲ್ಲಿಸುವ ರಕ್ತಕಣಗಳಾದ ಪ್ಲೇಟ್‌ಲೆಟ್‌ಗಳನ್ನು ಕೇಳುವವರಿಲ್ಲ. ಡೆಂಗೀ ಬಂದಾಗ ಮಾತ್ರ ಅವುಗಳ ಲೆಕ್ಕ ಮನೆಮಂದಿಗೆಲ್ಲ ಬಾಯಿಪಾಠ.

ಒಂದು ಮೈಕ್ರೋಲೀಟರ್ ರಕ್ತದಲ್ಲಿ ಅವು 1.5ರಿಂದ 4.5 ಲಕ್ಷ ಇರುತ್ತವೆ. ಒಂದೊಂದರ ಅಡ್ಡಳತೆ 2–3 ಮೈಕ್ರೋಮೀಟರ್, ಕೋಶಕೇಂದ್ರವಿಲ್ಲ. ಸುಮ್ಮನೆ ತೇಲುತ್ತಿರುವಾಗ ಒಳಗಿನ ಬಿಡಿ ಕ್ಯಾಲ್ಸಿಯಂ ಲೀಟರಿಗೆ ಸುಮಾರು 100 ನ್ಯಾನೊಮೋಲ್. ಹೊರಗಿನ ಪ್ಲಾಸ್ಮಾದಲ್ಲಿ ಅದರ ಸುಮಾರು 10,000 ಪಟ್ಟು. ಧುಪದಾಳದ ಒಡ್ಡಿನ ಹಿಂದೆ ಘಟಪ್ರಭೆ ತುಂಬಿ ನಿಂತ ಹಾಗೆ: ಗೇಟು ಎತ್ತಿದರೆ ಒಳನುಗ್ಗಿ ಕಣವನ್ನು ಕೆಲಸಕ್ಕೆ ಎಬ್ಬಿಸುತ್ತದೆ. ಎತ್ತುವವರು ಯಾರು?

ಫಾಸ್ಫೇಟ್. ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುವ ಕಿಣ್ವ ಕೈನೇಸ್, ಕಿತ್ತು ತೆಗೆಯುವುದು ಫಾಸ್ಫಟೇಸ್. ಅಂಟಿದೊಡನೆ ಪ್ರೋಟೀನಿನ ಆಕಾರವೂ ಕೆಲಸವೂ ಬದಲಾಗಬಹುದು. ಸ್ನಾಯುವಿನ ಕಿಣ್ವವೊಂದರಲ್ಲಿ ಇದನ್ನು ಕಂಡುಹಿಡಿದ ಎಡ್ಮಂಡ್ ಫಿಶರ್ ಮತ್ತು ಎಡ್ವಿನ್ ಕ್ರೆಬ್ಸ್ ಅವರಿಗೆ 1992ರಲ್ಲಿ ನೊಬೆಲ್ ಬಂತು.

ಚರ್ಮ ಸೀಳಿದಾಗ ರಕ್ತನಾಳದ ಗೋಡೆಯ ಕೊಲಾಜೆನ್ ಎಂಬ ಪ್ರೋಟೀನ್ ಬಯಲಾಗುತ್ತದೆ. ಅದನ್ನು ಪ್ಲೇಟ್‌ಲೆಟ್ಟಿನ ಮೇಲಿರುವ ಜಿಪಿ-6 ಎಂಬ ಗ್ರಾಹಕ ಗುರುತು ಹಿಡಿಯುತ್ತದೆ. ಕೂಡಲೇ ಎಸ್‌ಆರ್‌ಸಿ ಕುಟುಂಬದ ಕೈನೇಸ್‌ಗಳು, ಅವುಗಳ ಬೆನ್ನಿಗೆ ಸಿಕ್ ಎಂಬ ಕೈನೇಸ್, ಒಂದರ ಮೇಲೊಂದು ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುತ್ತ ಹೋಗಿ ಫಾಸ್ಫೋಲೈಪೇಸ್ ಎಂಬ ಕಿಣ್ವವನ್ನು ಎಬ್ಬಿಸುತ್ತವೆ. ಅದು ಪೊರೆಯ ಕೊಬ್ಬನ್ನು ಕತ್ತರಿಸಿ ಐಪಿ-3 ಎಂಬ ಚಿಕ್ಕ ಅಣುವನ್ನು ಬಿಡುತ್ತದೆ. ಐಪಿ-3 ಒಳ ಕೊಳವೆಗಳಲ್ಲಿ ಕೂಡಿಟ್ಟ ಕ್ಯಾಲ್ಸಿಯಂ ಹೊರಡಿಸುತ್ತದೆ. ಒಳದಾಸ್ತಾನು ಇಳಿದದ್ದು ಸ್ಟಿಮ್-1 ಪ್ರೋಟೀನಿಗೆ ತಿಳಿದು, ಹೊರಪೊರೆಯ ಒರೈ-1 ದಾರಿ ತೆರೆಯುತ್ತದೆ. ಇಷ್ಟೆಲ್ಲ ಕೆಲವೇ ಸೆಕೆಂಡುಗಳಲ್ಲಿ.

ಏರಿದ ಕ್ಯಾಲ್ಸಿಯಂ ಇನ್ನೊಂದು ಕೈನೇಸನ್ನು ಎಬ್ಬಿಸಿ, ಕೋಶವನ್ನು ಕುಗ್ಗಿಸುವ ಪ್ರೋಟೀನಾದ ಮಯೋಸಿನ್‌ಗೆ ಫಾಸ್ಫೇಟ್ ಅಂಟಿಸುತ್ತದೆ. ಬಿಲ್ಲೆಯಂತಿದ್ದ ಪ್ಲೇಟ್‌ಲೆಟ್ ಉಂಡೆಯಾಗಿ, ಮೈತುಂಬ ಮುಳ್ಳೆದ್ದು ನೆರೆಯವನ್ನು ಹಿಡಿದುಕೊಳ್ಳುತ್ತದೆ. ಫಾಸ್ಫೇಟಿನಿಂದ ಬಂದ ಕ್ಯಾಲ್ಸಿಯಂ, ಮತ್ತೆ ಫಾಸ್ಫೇಟಿಗೇ ಕೆಲಸ ಹಚ್ಚಿತು.

ನನ್ನನ್ನು ಹೆಚ್ಚು ಬೆರಗಾಗಿಸುವುದು ಗೇಟು ಮುಚ್ಚಿಡುವ ಬಗೆ. ಗಾಯವಿಲ್ಲದ ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್, ಪ್ರೊಸ್ಟಾಸೈಕ್ಲಿನ್ ಸೂಸುತ್ತಲೇ ಇರುತ್ತದೆ. ಅವುಗಳಿಂದ ಎಚ್ಚರಗೊಳ್ಳುವ ಕೈನೇಸ್‌ಗಳೂ ಫಾಸ್ಫೇಟನ್ನೇ ಅಂಟಿಸುತ್ತವೆ, ಆದರೆ ಬೇರೆ ಪ್ರೋಟೀನುಗಳಿಗೆ. ಕ್ಯಾಲ್ಸಿಯಂ ಹೊರಡುವುದು ತಗ್ಗುತ್ತದೆ. ಎತ್ತುವುದೂ ಇಳಿಸುವುದೂ ಒಂದೇ ಫಾಸ್ಫೇಟ್, ಅಂಟಿದ ಜಾಗ ಮಾತ್ರ ಬೇರೆ.

ಹಾವುಗಳಿಗೂ ಈ ಗುಟ್ಟು ಸಿಕ್ಕಿದೆ. ದಕ್ಷಿಣ ಅಮೆರಿಕದ ಒಂದು ಬುಡುಬುಡಿಕೆ ಹಾವಿನ ವಿಷದಲ್ಲಿರುವ ಕನ್ವಲ್ಕ್ಸಿನ್, ಕೊಲಾಜೆನ್ ಇಲ್ಲದೆಯೇ ಜಿಪಿ-6 ಹಿಡಿದು ಸರಪಳಿ ಶುರುಮಾಡುತ್ತದೆ. ನಮ್ಮಲ್ಲೂ ಮೈಸೂರು ವಿಶ್ವವಿದ್ಯಾಲಯದ ಕೆ. ಕೆಂಪರಾಜು ಮತ್ತು ಸಂಗಡಿಗರು ಹಾವಿನ ವಿಷ, ಪ್ಲೇಟ್‌ಲೆಟ್ ಎರಡರ ಮೇಲೂ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ.

ಹೃದ್ರೋಗಿಗಳ ಗುಳಿಗೆಗಳು ಕೈ ಹಾಕುವುದೂ ಇಲ್ಲಿಗೇ. ಪ್ಲೇಟ್‌ಲೆಟ್‌ಗಳು ಉಗುಳುವ ಎಡಿಪಿ ಎಂಬ ಅಣು, ಗೇಟು ಮುಚ್ಚಿಡುವ ಕೈನೇಸಿನ ಬಲ ಕುಗ್ಗಿಸುತ್ತದೆ. ಕ್ಲೊಪಿಡೋಗ್ರೆಲ್ ಗುಳಿಗೆ ಅದನ್ನು ತಡೆಯುತ್ತದೆ. ನೆರೆಯ ಪ್ಲೇಟ್‌ಲೆಟ್‌ಗಳಲ್ಲಿ ಕ್ಯಾಲ್ಸಿಯಂ ಏರಿಸುವ ಥ್ರಾಂಬಾಕ್ಸೇನ್ ತಯಾರಾಗದಂತೆ ಆಸ್ಪಿರಿನ್ ಒಂದು ಕಿಣ್ವವನ್ನು ಕೆಡಿಸುತ್ತದೆ. ಕೋಶಕೇಂದ್ರವಿಲ್ಲದ ಪ್ಲೇಟ್‌ಲೆಟ್ ಹೊಸ ಕಿಣ್ವ ಮಾಡಿಕೊಳ್ಳಲಾರದು. ಅದರ ಆಯಸ್ಸು 7ರಿಂದ 10 ದಿನ, ಆಸ್ಪಿರಿನ್ನಿನ ಗುಣವೂ ಅಲ್ಲಿಯತನಕ. ಹಲ್ಲು ಕೀಳುವ ಮುನ್ನ ಯಾವ ಗುಳಿಗೆ ನಡೆದಿದೆ ಎಂದು ಡಾಕ್ಟರು ಕೇಳುವುದು ಇದಕ್ಕೇ.