ಹಳೆ ಸ್ಪೋರ್ಟ್ಸ್ ಕಾರು ಮನೆಯಲ್ಲಿದ್ದರೆ: ಓಡಿದ ಮೈಲಿಗಿಂತ ಮೊದಲು ರಬ್ಬರಿನ ವಯಸ್ಸು ನೋಡಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಹಿಂದಿನ ಸಂಚಿಕೆಯಲ್ಲಿ ನನ್ನ ಹಳೆ ಕಾರಿನ ಬಗ್ಗೆ ಒಂದು ಮಾತು ಹೇಳಿ ಮುಂದಕ್ಕೆ ಹೋಗಿದ್ದೆ. "ಅರ್ಧಕ್ಕೇ ಬಿಟ್ರಲ್ಲ, ಮನೇಲೇ ಹೇಗೆ ರಿಪೇರಿ ಮಾಡ್ಕೋತೀರಿ ಅಂತ ಹೇಳಿ" ಎಂದು ಕೆಲವರು ಬರೆದಿದ್ದೀರಿ. ಇವತ್ತು ಅದೇ ವಿಷಯ. ನಾನು ಮೆಕ್ಯಾನಿಕ್ ಅಲ್ಲ, ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡೋನು. ತಪ್ಪು ಮಾಡಿ ಕಲಿತದ್ದನ್ನು ಹೇಳ್ತೀನಿ, ಅಷ್ಟೆ.

ನಾನಿರೋದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಕಾರು 1992ರ ಮಾಜ್ಡಾ ಮಿಯಾಟಾ. ಎರಡೇ ಸೀಟು, ತಲೆ ಮೇಲೆ ಮಡಚುವ ಬಟ್ಟೆಯ ಹೊದಿಕೆ, 1.6 ಲೀಟರ್ ಎಂಜಿನ್, ಸ್ವಿಚ್ ಒತ್ತಿದರೆ ಕಪ್ಪೆ ಕಣ್ಣಿನ ಹಾಗೆ ಮೇಲೇಳುವ ಹೆಡ್‌ಲೈಟು. 1989ರಲ್ಲಿ ಶಿಕಾಗೋ ಮೋಟಾರ್ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಮಾದರಿ, 2016ರ ಹೊತ್ತಿಗೆ ಹತ್ತು ಲಕ್ಷ ದಾಟಿತ್ತು. ಹಾಗಾಗಿ ಬಿಡಿಭಾಗಗಳು ಇವತ್ತಿಗೂ ಸಿಗ್ತವೆ. ಎಂಜಿನ್ ಸುತ್ತ ಕೈ ಹೋಗುವಷ್ಟು ಜಾಗವೂ ಇದೆ. ಮನೆಯಲ್ಲಿ ಕಲಿಯೋಕೆ ಇದಕ್ಕಿಂತ ಒಳ್ಳೆ ಗಾಡಿ ಕಡಿಮೆ.

ಕೊಳ್ಳುವಾಗ ನಾನು ನೋಡಿದ್ದು ಮೀಟರ್ ಮಾತ್ರ. 48 ಸಾವಿರ ಮೈಲಿ, ಅಂದ್ರೆ ಸುಮಾರು 77 ಸಾವಿರ ಕಿಲೋಮೀಟರ್. ಇಷ್ಟು ಹಳೆ ಗಾಡಿಗೆ ಅದು ಏನೂ ಅಲ್ಲ. "ಗ್ಯಾರೇಜಲ್ಲೇ ನಿಂತಿತ್ತು ಸರ್" ಅಂದ ಮಾರಿದವನು. ಕೇಳಿ ಖುಷಿಪಟ್ಟೆ. ಅಲ್ಲೇ ನಾನು ಎಡವಿದ್ದು.

ಸಿಗ್ನಲ್‌ನಲ್ಲಿ ಕುಸಿದ ಪೆಡಲ್

ಮಗಳಿಗೆ ಆಗ ಹದಿನಾರು ತುಂಬಿತ್ತು. ಕಲಿಯುವವರ ಪರ್ಮಿಟ್ ಬಂದಿತ್ತು. ಗೇರ್ ಗಾಡಿ ಕಲೀತೀನಿ ಅಂದಳು. ಒಂದು ಭಾನುವಾರ ಅವಳು ಸ್ಟೀರಿಂಗ್ ಹಿಡಿದಿದ್ದಳು, ನಾನು ಪಕ್ಕದಲ್ಲಿ. ಸಿಗ್ನಲ್ ಹಸಿರಾಯ್ತು, ಅವಳು ಕ್ಲಚ್ ಒತ್ತಿದಳು, ಪೆಡಲ್ ನೇರ ನೆಲಕ್ಕೆ ಹೋಗಿ ಅಲ್ಲೇ ಕೂತುಬಿಟ್ಟಿತು. ಗೇರ್ ಬೀಳಲೇ ಇಲ್ಲ. ಹಿಂದೆ ಹಾರ್ನ್ ಶುರುವಾಯ್ತು. ಇಳಿದು ಇಬ್ಬರೂ ಸೇರಿ ಪಕ್ಕದ ಅಂಗಡಿಯ ಪಾರ್ಕಿಂಗ್‌ಗೆ ತಳ್ಳಿದೆವು.

ಉಸಿರು ಬಿಟ್ಟ ಮೇಲೆ ಅವಳು ಕೇಳಿದಳು: "ಅಪ್ಪಾ, ಇದು ಕ್ಲಚ್. ಬ್ರೇಕ್ ಆಗಿದ್ರೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾಕಂದ್ರೆ ಆ ಕಾರಿನಲ್ಲಿ ಕ್ಲಚ್ ಮತ್ತು ಬ್ರೇಕ್ ಎರಡೂ ನಡೆಯೋದು ಒಂದೇ ಬಗೆಯ ದ್ರವದಿಂದ, ಒಂದೇ ಬಗೆಯ ರಬ್ಬರ್ ಸೀಲುಗಳಿಂದ. ಎರಡಕ್ಕೂ ವಯಸ್ಸು ಒಂದೇ.

ನಿಂತ ಗಾಡಿ ಯಾಕೆ ಹಾಳಾಗುತ್ತೆ?

ಕ್ಲಚ್ ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರ್ ದ್ರವವನ್ನು ಕೊಳವೆಯಲ್ಲಿ ನೂಕುತ್ತೆ. ಆ ಒತ್ತಡ ಗೇರ್‌ಬಾಕ್ಸ್ ಬದಿಯಲ್ಲಿರುವ ಸ್ಲೇವ್ ಸಿಲಿಂಡರ್‌ಗೆ ಹೋಗಿ ಅಲ್ಲಿ ಒಂದು ಕಡ್ಡಿಯನ್ನು ತಳ್ಳುತ್ತೆ. ದ್ರವವನ್ನು ಹಿಡಿದಿಡೋದು ಬೆರಳುಂಗುರದಷ್ಟು ಸಣ್ಣ ರಬ್ಬರ್ ಸೀಲ್. ಈ ದ್ರವಕ್ಕೆ ಗಾಳಿಯ ತೇವ ಹೀರುವ ಗುಣ ಇದೆ. ಗಾಡಿ ವರ್ಷಗಟ್ಟಲೆ ನಿಂತರೆ ಆ ತೇವದಿಂದ ಸಿಲಿಂಡರ್ ಒಳಗೋಡೆ ತುಕ್ಕು ಹಿಡಿದು ಸಣ್ಣ ಗುಳಿ ಬೀಳುತ್ತೆ. ರಬ್ಬರ್ ಗಡುಸಾಗುತ್ತೆ. ಮತ್ತೆ ಓಡಿಸಲು ಶುರು ಮಾಡಿದಾಗ ಗಡುಸಾದ ಸೀಲ್ ಆ ಒರಟು ಗೋಡೆಗೆ ಉಜ್ಜಿ ಹರಿಯುತ್ತೆ.

ನನ್ನ ಗಾಡಿಯಲ್ಲಿ ಆದದ್ದೂ ಅದೇ. ಕ್ಲಚ್ ದ್ರವದ ಡಬ್ಬಿ ಖಾಲಿ. ಸ್ಲೇವ್ ಸಿಲಿಂಡರ್ ಮೇಲಿನ ರಬ್ಬರ್ ಟೋಪಿ ಸರಿಸಿದ್ದೇ ತಡ, ಡಿಕಾಕ್ಷನ್ ಬಣ್ಣದ ನೀರು ಸುರೀತು. ಇದು ಕಂಪನಿಯ ತಪ್ಪಲ್ಲ. ಮೂವತ್ತು ವರ್ಷ ಬಾಳೋಕೆ ಅಂತ ಯಾರೂ ರಬ್ಬರ್ ಮಾಡಲ್ಲ. ಕಬ್ಬಿಣ ಸವೆಯೋದು ಓಡಿದ್ದಕ್ಕೆ, ರಬ್ಬರ್ ಸಾಯೋದು ವರ್ಷಕ್ಕೆ. ಮೀಟರ್ ತೋರಿಸೋದು ಮೊದಲನೆಯದನ್ನು ಮಾತ್ರ.

ಸ್ಲೇವ್ ಬದಲಿಸುವಾಗ ಮಾಸ್ಟರನ್ನೂ ಬದಲಿಸಿಬಿಡಿ. ಹೊಸ ಸೀಲ್ ಒತ್ತಡ ಪೂರ್ತಿ ಹಿಡಿಯಲು ಶುರು ಮಾಡಿದರೆ ಹಳೆಯದು ತಡೆಯೋದು ಕಷ್ಟ.

ಹಾಗಾದರೆ ಬ್ರೇಕ್?

ಗಾಡಿ ಎತ್ತುವ ಮುಂಚೆ ಒಂದು ಮಾತು. ಜಾಕ್ ಇರೋದು ಎತ್ತೋಕೆ, ಹಿಡಿದಿಡೋಕೆ ಅಲ್ಲ. ಕೈಪಿಡಿಯಲ್ಲಿ ತೋರಿಸಿದ ಜಾಗಕ್ಕೆ ಜಾಕ್ ಸ್ಟ್ಯಾಂಡ್ ಕೊಡದೆ ಅಡಿಗೆ ತಲೆ ಹಾಕಬೇಡಿ. ಹ್ಯಾಂಡ್‌ಬ್ರೇಕ್ ಹಿಡಿಯೋದು ಹಿಂದಿನ ಚಕ್ರಗಳನ್ನು. ಹಿಂಬದಿ ಎತ್ತಿದಾಗ ಅದು ಲೆಕ್ಕಕ್ಕಿಲ್ಲ. ಆಗ ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಬೇಕು. ಸ್ಟ್ಯಾಂಡ್ ಮೇಲೆ ಕೂರಿಸಿದ ಮೇಲೆ ಕೈಯಿಂದ ಅಲ್ಲಾಡಿಸಿ ನೋಡಿ. ಬೀಳೋದಿದ್ದರೆ ನೀವು ಹೊರಗಿರುವಾಗಲೇ ಬೀಳಲಿ.

ನಾಲ್ಕೂ ಚಕ್ರ ಬಿಚ್ಚಿ ರಬ್ಬರ್ ಹೋಸ್‌ಗಳನ್ನು ಮೆಲ್ಲಗೆ ಬಾಗಿಸಿ ನೋಡಿದೆ. ಎರಡರಲ್ಲಿ ಒಣಗಿದ ಕೆರೆಯ ಮಣ್ಣಿನ ಹಾಗೆ ಬಿರುಕು. ಮಗಳಿಗೆ ಪೆಡಲ್ ಒತ್ತು ಅಂದೆ. ಒಂದು ಹೋಸ್ ನನ್ನ ಕಣ್ಣೆದುರೇ ಉಬ್ಬಿತು. ಇದೇ ಕಾರಿನಲ್ಲಿ ಅವಳನ್ನು ಹೆದ್ದಾರಿಗೆ ಕರೆದುಕೊಂಡು ಹೋಗಿದ್ದೆ.

ನಾಲ್ಕೂ ಹೋಸ್ ಹೊಸದಾಯಿತು. ಆಮೇಲೆ ಗಾಳಿ ತೆಗೆಯುವ ಕೆಲಸ, ಇದಕ್ಕೆ ಇಬ್ಬರು ಬೇಕು. ಮಾಸ್ಟರ್ ಸಿಲಿಂಡರ್‌ನಿಂದ ಅತಿ ದೂರದ ಚಕ್ರದಿಂದ ಶುರು ಮಾಡಿದೆವು. ನಾನು "ಒತ್ತು" ಅಂದರೆ ಅವಳು ಒತ್ತೋದು, "ಹಿಡ್ಕೋ" ಅಂದಾಗ ನಾನು ನಿಪ್ಪಲ್ ಸಡಿಲಿಸೋದು, ಬಿಗಿ ಮಾಡಿದ ಮೇಲೆಯೇ "ಬಿಡು" ಅನ್ನೋದು. ಈ ಕ್ರಮ ತಪ್ಪಿದರೆ ಗಾಳಿ ವಾಪಸ್ ಒಳಗೆ ಹೋಗುತ್ತೆ. ಮೇಲಿನ ಡಬ್ಬಿ ಖಾಲಿಯಾಗೋಕೆ ಬಿಡಬಾರದು. ದ್ರವ ಬಣ್ಣದ ಮೇಲೆ ಬಿದ್ದರೆ ಪೇಂಟ್ ಏಳುತ್ತೆ, ಕೂಡಲೇ ನೀರು ಹಾಕಿ. ಕಳೆದ ವರ್ಷ ತೆರೆದಿಟ್ಟ ಬಾಟಲಿ ಬಳಸಬೇಡಿ, ಅದು ಆಗಲೇ ತೇವ ಕುಡಿದಿರುತ್ತೆ. ನಾನೀಗ ಎರಡು ವರ್ಷಕ್ಕೊಮ್ಮೆ ದ್ರವ ಪೂರ್ತಿ ಬದಲಿಸ್ತೀನಿ.

ಉಳಿದ ಕಡೆಯೂ ಅದೇ ಕಥೆ

ಅವತ್ತಿನಿಂದ ಯಾವ ತೊಂದರೆ ಬಂದರೂ ಮೊದಲು ರಬ್ಬರ್ ಹುಡುಕ್ತೀನಿ.

ಏರು ಹತ್ತುವಾಗ ಎಂಜಿನ್ ಮುಗ್ಗರಿಸುತ್ತಿತ್ತು. ಊರಲ್ಲಿ ನಮ್ಮಪ್ಪ ಚೇತಕ್ ಸ್ಕೂಟರ್ ಹೀಗೆ ಮಾಡಿದಾಗ ಪ್ಲಗ್ ಬಿಚ್ಚಿ ಮರಳು ಕಾಗದದಲ್ಲಿ ಉಜ್ಜೋರು. ನಾನು ಅಷ್ಟೂ ಮಾಡದೆ, ಅಂದಾಜಿನ ಮೇಲೆ ಆಕ್ಸಿಜನ್ ಸೆನ್ಸರ್ ತಂದು ಹಾಕಿದೆ. ದುಡ್ಡು ದಂಡ. ಆಮೇಲೆ ರಾತ್ರಿ ಕತ್ತಲಲ್ಲಿ, ಬಾಗಿಲು ಪೂರ್ತಿ ತೆರೆದಿಟ್ಟು, ಎಂಜಿನ್ ಓಡುವಾಗ ಪ್ಲಗ್ ವೈರ್‌ಗಳ ಮೇಲೆ ಸ್ವಲ್ಪ ನೀರು ಸಿಂಪಡಿಸಿದೆ, ಕೈ ದೂರ ಇಟ್ಟುಕೊಂಡೇ. ನೀಲಿ ಕಿಡಿ ಹಾರಿದವು. ವೈರ್ ಮೇಲಿನ ಹೊದಿಕೆ ಸತ್ತಿತ್ತು.

ಎಂಜಿನ್ ಹಿಂಬದಿ ಎಣ್ಣೆ ಸೋರುತ್ತಿತ್ತು. ಕ್ರ್ಯಾಂಕ್ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು ಅಂದರು ಒಂದು ಗ್ಯಾರೇಜಿನಲ್ಲಿ. ಒರೆಸಿ, ಟಾರ್ಚ್ ಹಿಡಿದು ಕಾದು ನೋಡಿದರೆ ಎಣ್ಣೆ ಬರ್ತಿದ್ದದ್ದು ಮೇಲಿನಿಂದ, ಕ್ಯಾಮ್ ಆಂಗಲ್ ಸೆನ್ಸರ್‌ನ ಒ-ರಿಂಗ್‌ನಿಂದ. ಈ ಮಾದರಿಯಲ್ಲಿ ಇದು ಸಾಮಾನ್ಯ. ಒಂದು ಸಣ್ಣ ಉಂಗುರದ ಕೆಲಸ. ಆದರೆ ಸೆನ್ಸರ್ ಬಿಚ್ಚುವ ಮೊದಲು ಅದು ಕೂತ ಜಾಗಕ್ಕೆ ಗುರುತು ಹಾಕಿಕೊಳ್ಳಿ, ಇಗ್ನಿಷನ್ ಟೈಮಿಂಗ್ ನಿಂತಿರೋದು ಅದರ ಮೇಲೆ.

ಟೈಮಿಂಗ್ ಬೆಲ್ಟಿಗೆ 60 ಸಾವಿರ ಮೈಲಿಯ ಲೆಕ್ಕ ಇದೆ. ನನ್ನದು ಅಷ್ಟು ಓಡಿರಲಿಲ್ಲ, ಆದರೂ ಬದಲಿಸಿದೆ. ಈ ಎಂಜಿನ್‌ನಲ್ಲಿ ಬೆಲ್ಟ್ ಹರಿದರೆ ವಾಲ್ವುಗಳು ಪಿಸ್ಟನ್‌ಗೆ ಬಡಿಯಲ್ಲ, ಗಾಡಿ ನಿಲ್ಲುತ್ತೆ ಅಷ್ಟೆ. ಆದರೆ ಎಲ್ಲಿ ನಿಲ್ಲುತ್ತೆ ಅನ್ನೋದು ನಮ್ಮ ಕೈಯಲ್ಲಿಲ್ಲವಲ್ಲ.

ಟೈರ್‌ನ ಗೋಡೆಯಲ್ಲಿ ಡಾಟ್ ಅನ್ನೋ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತೆ. 2309 ಅಂತಿದ್ದರೆ 2009ರ 23ನೇ ವಾರ ತಯಾರಾದದ್ದು. ನನ್ನ ಟೈರುಗಳ ಗೀರು ಹೊಸದರ ಹಾಗೇ ಇತ್ತು, ಅಂಕಿ ನೋಡಿ ಅವತ್ತೇ ತೆಗೆಸಿದೆ.

ಇನ್ನೊಂದು ರಬ್ಬರಿನದ್ದಲ್ಲ, ನೀರಿನದ್ದು. ಬಟ್ಟೆಯ ಹೊದಿಕೆಯ ಮೇಲೆ ಬಿದ್ದ ಮಳೆನೀರು ಸೀಟುಗಳ ಹಿಂದೆ ಎರಡು ಬದಿಯ ತೂತಿನಿಂದ ಕೆಳಗೆ ಇಳಿಯಬೇಕು. ತರಗೆಲೆ ಕಟ್ಟಿಕೊಂಡರೆ ನೀರು ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಭಾಗಕ್ಕೆ ನುಗ್ಗಿ ಒಳಗಿಂದಲೇ ತುಕ್ಕು ಹಿಡಿಯುತ್ತೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ನಮ್ಮ ಕಡೆ ಹೊರಗಿಂದಲೂ ಹಿಡಿಯುತ್ತೆ. ಲೋಟದಲ್ಲಿ ನಿಧಾನ ನೀರು ಹಾಕಿ, ಹಿಂದಿನ ಚಕ್ರದ ಹತ್ತಿರ ಇಳೀತಾ ನೋಡಿ. ಕಟ್ಟಿದ್ದರೆ ಮೆತ್ತನೆ ಪ್ಲಾಸ್ಟಿಕ್ ಕೊಳವೆ ಹಾಕಿ ಬಿಡಿಸಿ, ತಂತಿ ಚುಚ್ಚಬೇಡಿ. ಈ ಕಾರುಗಳನ್ನು ಗುಜರಿಗೆ ಕಳಿಸೋದು ಎಂಜಿನ್‌ಗಿಂತ ಹೆಚ್ಚಾಗಿ ಈ ತುಕ್ಕು.

ಎಲ್ಲವನ್ನೂ ಮನೆಯಲ್ಲೇ ಮಾಡಿ ಅಂತ ನಾನು ಹೇಳ್ತಿಲ್ಲ. ಪೆಟ್ರೋಲ್ ವಾಸನೆ ಬಂದರೆ, ಚಾಸಿಯ ಭಾಗ ತುಕ್ಕು ಹಿಡಿದು ತೂತಾಗಿದ್ದರೆ, ಗಾಳಿ ತೆಗೆದ ಮೇಲೂ ಬ್ರೇಕ್ ಪೆಡಲ್ ಮೆತ್ತಗಿದ್ದರೆ, ಬಲ್ಲವರ ಕೈಗೆ ಕೊಡಿ. ನಾನೂ ಹೋಸ್ ಹಾಕಿದ ಮೇಲೆ ಗೊತ್ತಿರುವ ಮೆಕ್ಯಾನಿಕ್ ಒಬ್ಬರ ಹತ್ತಿರ ತೋರಿಸಿಯೇ ರಸ್ತೆಗೆ ಇಳಿಸಿದ್ದು.

ಊರಲ್ಲಿ ಕೇಳ್ತಿರೋರಿಗೂ ಒಂದು ಮಾತು. ನಿಮ್ಮ ಮನೆ ಶೆಡ್ಡಿನಲ್ಲಿ ಹೊದಿಕೆ ಹಾಕಿ ನಿಲ್ಲಿಸಿದ ಹಳೆ ಗಾಡಿ ಇದ್ದರೆ, "ಜಾಸ್ತಿ ಓಡಿಲ್ಲ" ಅಂತ ನೆಮ್ಮದಿಯಾಗಿರಬೇಡಿ. ಮಕ್ಕಳ ಕೈಗೆ ಕೀ ಕೊಡುವ ಮೊದಲು ಬ್ರೇಕ್ ಹೋಸ್ ಒಮ್ಮೆ ಬಾಗಿಸಿ ನೋಡಿ, ಟೈರಿನ ನಾಲ್ಕು ಅಂಕಿ ಓದಿ. ಎರಡಕ್ಕೂ ಸೇರಿ ಅರ್ಧ ಗಂಟೆ ಸಾಕು.

ಮಗಳು ಈಗ ಅದೇ ಕಾರಲ್ಲಿ ಕಾಲೇಜಿಗೆ ಹೋಗ್ತಾಳೆ. ಹೊರಡೋ ಮುಂಚೆ ಬಾನೆಟ್ ಎತ್ತಿ ಎರಡೂ ಡಬ್ಬಿಯ ದ್ರವ ನೋಡೋದು ಅವಳಿಗೆ ಅಭ್ಯಾಸ ಆಗಿದೆ. ನಾನು ಹೇಳಿಕೊಟ್ಟದ್ದಲ್ಲ, ಆ ಸಿಗ್ನಲ್ ಕಲಿಸಿದ್ದು.

ಇವತ್ತಿಗೆ ಇಷ್ಟು. ನಿಮ್ಮ ಗಾಡಿಯ ಕಥೆಗಳಿದ್ದರೆ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಓದೋಣ.